ದೊಡ್ಡಮ್ಮ ಅಂಗಾತ ಮಲಗಿದ ದಿನ

ಮನೆಯಲ್ಲಿ ಒಬ್ಬರು ಊಟ ಬಿಟ್ಟರೆ ಉಳಿದವರಿಗೂ ತುತ್ತು ಇಳಿಯುವುದಿಲ್ಲ. ನಮ್ಮ ಬೀದಿಯ ಟೈಲರಮ್ಮನ ಮನೆಯಲ್ಲಿ ಊಟ ಬಿಟ್ಟದ್ದು ಮಗುವೂ ಅಲ್ಲ, ಮಾವನವರೂ ಅಲ್ಲ, ದೊಡ್ಡಮ್ಮ. ದೊಡ್ಡಮ್ಮ ಎಂದರೆ ಅಂಗೈಯಗಲದ, ಮೈತುಂಬ ಕೂದಲಿರುವ ಟರಾಂಟುಲಾ ಜೇಡ. ದಿನವಿಡೀ ಕೂತಲ್ಲೇ ಕೂತು ಮನೆಯ ಯಜಮಾನಿಕೆ ನಡೆಸುವಂತಿದ್ದ ಅದರ ಗತ್ತು ನೋಡಿ ಮಾವನವರೇ ಆ ಹೆಸರಿಟ್ಟಿದ್ದರು.

ಜೇಡ ಟೈಲರಮ್ಮನ ತಂಗಿಯದು. ತಾಯಿಯಿಲ್ಲದ ಆ ತಂಗಿಯನ್ನು ಟೈಲರಮ್ಮನೇ ಸಾಕಿ ದೊಡ್ಡವಳನ್ನಾಗಿ ಮಾಡಿದ್ದಳು. ಹಡಗಿನ ಅಡುಗೆಮನೆಯಲ್ಲಿ ಆರು ತಿಂಗಳ ಕೆಲಸ ಸಿಕ್ಕಾಗ ತಂಗಿ, "ಅಕ್ಕ, ನಿನ್ನನ್ನ ಬಿಟ್ರೆ ನಂಗೆ ಯಾರಿದಾರೆ? ಜೋಪಾನವಾಗಿ ನೋಡ್ಕೊ" ಎಂದು ಗೂಡನ್ನೂ ಒಂದು ಚೀಟಿಯನ್ನೂ ಕೈಗಿಟ್ಟು ಹೋದಳು. ಸಾಕುವ ಕ್ರಮವೆಲ್ಲ ಆ ಚೀಟಿಯಲ್ಲಿತ್ತು. ಅದು ಗಿರಾಕಿಗಳ ಅಳತೆಚೀಟಿಗಳ ರಾಶಿಯಲ್ಲಿ ಸೇರಿ ಎಲ್ಲಿ ಹೋಯಿತೋ ದೇವರೇ ಬಲ್ಲ.

ನಾನು ಪಶು ಆಸ್ಪತ್ರೆಯ ನರ್ಸು. ನನ್ನ ಕೋಟಿನ ಜೇಬು ಹರಿದಿತ್ತು, ಹೊಲಿಸಲು ಹೋಗಿದ್ದೆ. ಮಿಷನ್ನಿನ ಮೇಜಿನ ಮೇಲೆ, ಕಿಟಕಿಯ ಬಿಸಿಲಲ್ಲಿ, ಉದ್ದನೆಯ ಗಾಜಿನ ಜಾಡಿ. ಜಾಡಿಯ ತಳಕ್ಕೆ ಕೆಂಪು ಮಖಮಲ್ಲಿನ ಚೂರುಗಳು. ಅದರ ಮೇಲೆ ಊದಿದ ಹೊಟ್ಟೆ ಹೊತ್ತು ದೊಡ್ಡಮ್ಮ ಕೂತಿತ್ತು. ಪಕ್ಕದಲ್ಲೇ ಅದರ ಊಟಕ್ಕೆಂದು ಬಿಟ್ಟ ಮೂರು ಚಿಮ್ಮಂಡೆ ಹುಳಗಳು ಓಡಾಡುತ್ತಿದ್ದವು.

"ನರ್ಸಮ್ಮ, ಮೂರು ವಾರದಿಂದ ಏನೂ ಮುಟ್ಟಿಲ್ಲ ಇದು" ಎಂದಳು ಟೈಲರಮ್ಮ. ಕಣ್ಣು ತುಂಬಿ ಬಂದಿತ್ತು. "ಇನ್ನು ಹನ್ನೆರಡು ದಿನಕ್ಕೆ ತಂಗಿ ಬರ್ತಾಳೆ. ನಾನ್ಯಾವ ಮುಖ ಇಟ್ಕೊಂಡು ಬಾಗಿಲು ತೆಗೀಲಿ?"

"ಅದರ ಹಳೇ ಗೂಡು ಎಲ್ಲಿ?"

"ಅಟ್ಟದ ಮೇಲಿದೆ. ಪಾಪ, ಬರೀ ಮಣ್ಣಲ್ಲಿ ಬಿದ್ದಿತ್ತು. ಮೆತ್ತಗಿರ್ಲಿ ಅಂತ ಮಖಮಲ್ ಹಾಕ್ದೆ. ಮೀಟರಿಗೆ ಎಷ್ಟು ಗೊತ್ತಾ ಇದು!"

ನನಗೆ ನಗು, ಸಿಟ್ಟು ಎರಡೂ ಬಂದವು. "ಅಲ್ಲಮ್ಮ, ನಿಮ್ಮ ಸೂಜಿಗೆ ದಾರ ಸಿಕ್ಕೊಂಡ ಹಾಗೆ ಅದರ ಉಗುರು ಬಟ್ಟೇಲಿ ಸಿಕ್ಕಿಕೊಳ್ಳತ್ತೆ. ಎಳೆದಾಡಿದ್ರೆ ಕಾಲೇ ಕಿತ್ತು ಬರಬಹುದು. ಇದು ನೆಲದಲ್ಲಿ ಬಿಲ ತೋಡೋ ಜಾತಿ. ಇಷ್ಟು ಎತ್ತರದಿಂದ ಬಿದ್ರೆ ಹೊಟ್ಟೆ ಒಡೆದು ಸಾಯತ್ತೆ. ಮಿಷನ್ನಿನ ಅದುರು, ಬಿಸಿಲು, ಒಂದೂ ಆಗಲ್ಲ ಇದಕ್ಕೆ."

ಒಳಗಿನಿಂದ ಮಾವನವರು ಬಂದರು. ಒಂದು ಕಾಲದಲ್ಲಿ ಬಡಗಿ, ಈಗ ಎಲ್ಲದರಲ್ಲೂ ತಪ್ಪು ಹುಡುಕುವುದೇ ಕೆಲಸ. "ಹುಳಕ್ಕೆ ಇಷ್ಟೆಲ್ಲ ನಾಜೂಕೇನಮ್ಮ? ಕಾಡಲ್ಲಿ ಯಾರು ಗೂಡು ಕಟ್ಟಿ ಕೊಡ್ತಾರೆ ಅದಕ್ಕೆ?"

"ಕಾಡಲ್ಲಿ ಅದಕ್ಕೆ ಬೇಕಾದ ಕಡೆ ಅದೇ ಹೋಗತ್ತೆ ಯಜಮಾನ್ರೇ. ಇಲ್ಲಿ ನಾವಿಟ್ಟ ಕಡೆ ಇರಬೇಕಲ್ಲ, ಅದಕ್ಕೇ."

ಹಳೇ ಗೂಡನ್ನು ಅಟ್ಟದಿಂದ ಇಳಿಸಿದೆವು. ಗಾಳಿಗೆ ತೂತುಗಳಿದ್ದ, ಭದ್ರ ಮುಚ್ಚಳದ ಪ್ಲಾಸ್ಟಿಕ್ ಪೆಟ್ಟಿಗೆ ಅದು. ಅರ್ಧದಷ್ಟು ತೆಂಗಿನ ನಾರಿನ ಪುಡಿ ತುಂಬಿ ಅದುಮಿದೆವು. ಅಡಗಲು ಒಡೆದ ಹೂಕುಂಡದ ಚೂರು, ಮೂಲೆಗೊಂದು ಚಿಕ್ಕ ನೀರಿನ ಬಟ್ಟಲು. ಪುಡಿಯ ಮೇಲಿನಿಂದ ಮುಚ್ಚಳದವರೆಗೆ ಎಷ್ಟು ಜಾಗವಿರಬೇಕೆಂದು ಟೈಲರಮ್ಮ ಕೇಳಿದಳು. ಜೇಡ ಕಾಲು ಚಾಚಿದಾಗಿನ ಉದ್ದಕ್ಕಿಂತ ಒಂದೂವರೆ ಪಟ್ಟು ಮೀರಬಾರದು ಎಂದೆ. ಅವಳು ಕೊರಳಲ್ಲಿದ್ದ ಟೇಪು ಇಳಿಸಿ ಜಾಡಿಯ ಹೊರಗಿನಿಂದಲೇ ಅಳೆದೇಬಿಟ್ಟಳು. ಕೈಯಲ್ಲಿ ಮುಟ್ಟದೆ, ಜಾಡಿಯನ್ನು ಮೆಲ್ಲಗೆ ಅಡ್ಡ ಮಲಗಿಸಿ, ಅಗಲ ಬಾಯಿಯ ಡಬ್ಬಿ ಕವುಚಿ, ರಟ್ಟು ತೂರಿಸಿ ದೊಡ್ಡಮ್ಮನನ್ನು ಸ್ಥಳಾಂತರ ಮಾಡಿದೆವು. ಅದರ ಕೂದಲು ಉದುರಿ ಕಣ್ಣಿಗೆ ಬಿದ್ದರೆ ಉರಿ ತಡೆಯಲಾಗದು.

"ಊಟ ಏನು ಹಾಕ್ತಿದ್ರಿ?" ಎಂದೆ.

"ಬೆಳಿಗ್ಗೆ ಎರಡು, ಸಂಜೆ ಎರಡು ಚಿಮ್ಮಂಡೆ. ದೊಡ್ಡದೇ ನೋಡಿ ಹಾಕ್ತಿದ್ದೆ."

"ವಾರಕ್ಕೊಂದು ಸಾಕು. ಅದರ ಹೊಟ್ಟೆಗಿಂತ ಚಿಕ್ಕದಿರಬೇಕು. ಔಷಧಿ ಹೊಡೆದ ತೋಟದಿಂದ ಹಿಡಿದದ್ದು ಬೇಡ, ಅಂಗಡಿಯಲ್ಲಿ ಸಾಕಿದ್ದೇ ತನ್ನಿ. ಒಂದು ದಿನದಲ್ಲಿ ತಿನ್ನದಿದ್ರೆ ತೆಗೆದುಬಿಡಿ."

"ವಾರಕ್ಕೊಂದಾ? ಹಸಿವಿಂದ ಸತ್ತುಗಿತ್ತು ಹೋದ್ರೆ?"

"ನಿಮ್ಮ ಪ್ರೀತಿಯಿಂದ ಸಾಯದಿದ್ರೆ ಸಾಕು" ಎಂದುಬಿಟ್ಟೆ. ಅವಳ ಮುಖ ಚಿಕ್ಕದಾಯಿತು. ನಾನು ಹಾಗನ್ನಬಾರದಿತ್ತು. ನಾನು ಸಾಕಿದ ಮೊದಲ ಜೇಡ ಹೀಗೇ ನನ್ನ ಅತಿ ಮುದ್ದಿಗೆ ಬಲಿಯಾದದ್ದನ್ನು ಹೇಳಿದೆ. ಆಮೇಲೆ ಅವಳ ಕೈಹಿಡಿದು ಮುಖ್ಯವಾದ ಮಾತು ಹೇಳಿದೆ: "ಹೊಟ್ಟೆ ಕಪ್ಪಾಗ್ತಿದೆ ನೋಡಿ. ಪೊರೆ ಬಿಡೋ ಕಾಲ ಬಂದಿದೆ, ಅದಕ್ಕೇ ಊಟ ಬಿಟ್ಟಿದೆ. ಹುಳ ಹಾಕಬೇಡಿ. ಒಂದು ದಿನ ಅಂಗಾತ ಮಲಗತ್ತೆ. ಸತ್ತಿದೆ ಅಂದ್ಕೋಬೇಡಿ. ಸತ್ತರೆ ಸಾಮಾನ್ಯವಾಗಿ ಕಾಲು ಹೊಟ್ಟೆಯಡಿಗೆ ಮಡಚಿ ಮುದುಡಿರತ್ತೆ. ಅಂಗಾತ ಬಿದ್ದದ್ದನ್ನ ಮಾತ್ರ ಮುಟ್ಟಲೇಬೇಡಿ."

ಹನ್ನೆರಡನೆಯ ದಿನ ಬೆಳಿಗ್ಗೆ ಫೋನು. ಪಿಸುಮಾತಿನಲ್ಲಿ, "ನರ್ಸಮ್ಮ, ಮಲಗಿದೆ. ಬೇಗ ಬನ್ನಿ."

ಹೋಗಿ ನೋಡಿದರೆ ಗೂಡಿನ ಮುಂದೆ ಟೈಲರಮ್ಮ ಕಾವಲು ಕೂತಿದ್ದಳು. ಅವಳ ಕೈಯಲ್ಲೊಂದು ಚಮಚ. ಮಾವನವರು ಮೂಲೆಯಲ್ಲಿ ಮುಖ ಊದಿಸಿಕೊಂಡಿದ್ದರು.

"ಪಾಪ ಅಂತ ಆ ಚಮಚದಲ್ಲಿ ಮಗುಚಿಹಾಕೋಕೆ ಹೋದೆ. ಅದನ್ನ ಕಿತ್ಕೊಂಡು, ಕೈ ಹಿಂದಕ್ಕೆ ತಗೊಳ್ಳಿ ಅಂದ್ಲು! ಹದಿನೈದು ವರ್ಷದಲ್ಲಿ ಎದುರು ಮಾತಾಡಿದೋಳಲ್ಲ" ಎಂದು ನನ್ನಲ್ಲಿ ದೂರಿದರು.

ಸಮವಸ್ತ್ರಕ್ಕೆ ಬಂದ ಗಿರಾಕಿಯನ್ನು ಟೈಲರಮ್ಮ ಸಂಜೆ ಬನ್ನಿ ಎಂದು ವಾಪಸು ಕಳಿಸಿದಳು. ಮಿಷನ್ ತುಳಿಯಲಿಲ್ಲ. ಗೂಡು ಈಗ ಒಳಕೋಣೆಯಲ್ಲಿತ್ತು, ಅದುರು ಅಲ್ಲಿಗೆ ಮುಟ್ಟುವುದಿಲ್ಲ. ಆದರೂ ನಾನು ಬಾಯಿ ಬಿಡಲಿಲ್ಲ. ಅವಳನ್ನು ನೋಡಿ ನನಗೆ ಅಷ್ಟು ಪ್ರೀತಿ ಉಕ್ಕಿತ್ತು.

ದೊಡ್ಡಮ್ಮ ಒಂದೊಂದೇ ಕಾಲನ್ನು ಹಳೇ ಪೊರೆಯಿಂದ ನಿಧಾನಕ್ಕೆ ಎಳೆದುಕೊಂಡಿತು. ಮಾವನವರು ಯಾವಾಗ ಬಂದು ನಮ್ಮ ಪಕ್ಕ ಕೂತರೋ ತಿಳಿಯಲಿಲ್ಲ. ಕೊನೆಗೆ ಪೊರೆ ಪೂರ್ತಿ ಕಳಚಿ ಪಕ್ಕಕ್ಕೆ ಬಿತ್ತು.

"ಎಂಟು ತೋಳಿನ ಅಂಗಿ! ಒಂದು ತೋಳೂ ಹರಿದಿಲ್ಲ ನೋಡಿ ಮಾವ" ಎಂದಳು ಟೈಲರಮ್ಮ.

ಆಗಲೇ ಬಾಗಿಲಲ್ಲಿ, "ಅಕ್ಕಾ!" ಎಂಬ ಕೂಗು.

ಆರು ತಿಂಗಳ ಮೇಲೆ ಬಂದ ತಂಗಿಗೆ ಅಕ್ಕ ಹೇಳಿದ ಮೊದಲ ಮಾತು, "ಶ್! ಮೆಲ್ಲಗೆ ನಡಿಯೇ." ತಂಗಿ ಒಳಗೆ ಬಂದು ಗೂಡು ನೋಡಿ ಅಲ್ಲೇ ಕುಸಿದು ಕೂತು ಅತ್ತಳು. "ಹೇಗಿದೆ ಅಂತ ಕೇಳೋಕೇ ಭಯ ಆಗ್ತಿತ್ತು ಅಕ್ಕ. ಸತ್ತೋಯ್ತು ಅಂದ್ಬಿಟ್ರೆ ಅಂತ."

"ನಾನೇ ಕೊಂದುಬಿಡ್ತಿದ್ದೆ ಕಣೇ. ನಿನ್ನ ಚೀಟಿ ಕಳೆದುಹಾಕ್ದೆ" ಎಂದು ಅಕ್ಕನೂ ಅತ್ತಳು. ಗೋಡೆಯ ಮೇಲೆ ಅಳತೆಚೀಟಿಗಳ ಸಾಲಿನಲ್ಲಿ ಈಗ ಹೊಸದೊಂದಿತ್ತು. ಗಿರಾಕಿ: ದೊಡ್ಡಮ್ಮ. ಕೆಳಗೆ ಕಾಲಿನ ಉದ್ದ, ಗೂಡಿನ ಎತ್ತರ, ಊಟದ ದಿನ.

ತಂಗಿ ಕಣ್ಣೊರೆಸಿಕೊಂಡು, "ನಾಳೆ ನನ್ನ ರೂಮಿಗೆ ಒಯ್ತೀನಿ" ಎಂದಳು.

"ಒಯ್ಯೋ ಹಾಗಿಲ್ಲ" ಎಂದಳು ಅಕ್ಕ, ನನ್ನ ಕಡೆ ನೋಡುತ್ತ. "ಮೈ ಇನ್ನೂ ಹಸಿ. ಹತ್ತು ದಿನ ಊಟನೂ ಹಾಕಬಾರ್ದು, ಗೂಡೂ ಅಲುಗಾಡಿಸಬಾರ್ದು. ಅಲ್ವಾ ನರ್ಸಮ್ಮ?"

"ಹೌದು" ಎಂದೆ. ಮಾವನವರು ಅಷ್ಟರಲ್ಲಿ, ಅವಳೂ ಅಷ್ಟು ದಿನ ಇಲ್ಲೇ ಎಂಬಂತೆ, ತಂಗಿಯ ಬಟ್ಟೆಬರೆಯ ಪೆಟ್ಟಿಗೆಯನ್ನು ಒಳಗೆ ಒಯ್ದಾಗಿತ್ತು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಟರಾಂಟುಲಾ ಸಾಕುವ ಮನಸ್ಸಿದ್ದರೆ ಮೊದಲು ನಿಮ್ಮಲ್ಲಿ ಅದಕ್ಕೆ ಅನುಮತಿ ಇದೆಯೇ ಎಂದು ವಿಚಾರಿಸಿ. ಕಾಡಿನಿಂದ ಹಿಡಿದು ತರಬೇಡಿ, ಸಾಕಿ ಬೇಸರವಾಯಿತೆಂದು ಹೊರಗೆ ಬಿಡಬೇಡಿ. ನಿಮ್ಮದು ನೆಲದ ಜಾತಿಯೋ ಮರದ ಜಾತಿಯೋ ತಿಳಿದು ಗೂಡು ಮಾಡಿ. ಮರದ್ದಕ್ಕೆ ಎತ್ತರ ಬೇಕು, ನೆಲದ್ದಕ್ಕೆ ಬೇಡ. ಮತ್ತೆ, ಅದು ಅಂಗಾತ ಮಲಗಿದ ದಿನ ದಯವಿಟ್ಟು ಕೈಕಟ್ಟಿ ಕೂತುಕೊಳ್ಳಿ. ನಮ್ಮ ಟೈಲರಮ್ಮನಿಗೆ ಸಾಧ್ಯವಾಯಿತು, ನಿಮಗೂ ಆಗುತ್ತದೆ.