ಕಾಟಪ್ಪ ಊದಿದ ಕೊಳವೆ

ಬೇವಿನ ಕೊಂಬೆಗೆ ತೂಗುಹಾಕಿದ್ದ ಚರ್ಮದ ಕೊಳವೆಯ ಗಂಟಿಗೆ ಕೆಂಚಣ್ಣ ಕೈ ಹಾಕಿದ. ಗಂಡ ಕಾಟಪ್ಪನ ಹೆಣದ ತಲೆದೆಸೆಯಲ್ಲಿ ಕೂತಿದ್ದ ಹುಚ್ಚಕ್ಕ ಎದ್ದು ಬಂದಳು.

“ಬಿಚ್ಚಬ್ಯಾಡ. ನಿಮ್ಮಣ್ಣನ ಉಸ್ರೈತೆ ಅದ್ರಾಗೆ.”

“ಗೌಡ್ರು ಹೇಳಿ ಕಳಿಸ್ಯಾರಲ್ಲ ಅತ್ತಿಗೆ. ಬಾವಿ ನಿಂತೈತಂತೆ.”

“ನಿಂದ್ರಲಿ.”

ಕಪಿಲೆ ಬಾವಿಯಿಂದ ಎತ್ತುಗಳು ನೀರೆಳೆಯುವ ದೊಡ್ಡ ಚರ್ಮದ ಚೀಲ, ಬಾನಿ; ಅದಕ್ಕೆ ಬಾಲದಂತೆ ಹೊಲಿಯುವ ಕೊಳವೆ ಅದು. ಮೇಲೆ ಬಂದ ನೀರು ಅದರ ಬಾಯಿಂದಲೇ ತೊಟ್ಟಿಗೆ ಸುರಿಯಬೇಕು. ಹೊಲಿದಾದ ಮೇಲೆ ಕಾಟಪ್ಪ ಅದನ್ನು ಊದಿ, ಎರಡೂ ತುದಿ ಬಿಗಿದು ತೂಗುಹಾಕುತ್ತಿದ್ದ. ಬೆಳಿಗ್ಗೆ ಸೊರಗದಿದ್ದರೆ ಹೊಲಿಗೆ ಗಟ್ಟಿ. ಇವತ್ತು ಕೊಳವೆ ಸೊರಗಿರಲಿಲ್ಲ. ಊದಿದವನು ಮಲಗಿದಲ್ಲೇ ತಣ್ಣಗಾಗಿದ್ದ.

“ಸಾಯೋಕೂ ಕೆಲ್ಸ ಮುಗ್ಸೇ ಹೋದ ನೋಡು,” ಎಂದ ಕೆಂಚಣ್ಣ. ಕೂತವರು ನಕ್ಕರು.

*

ಪ್ಲೇಗು ಬಂದುಹೋದ ಮರುವರ್ಷ. ಹದಿನೈದು ದಿನದ ಹಿಂದೆ ಚಳ್ಳಕೆರೆ ಸಂತೆಯಲ್ಲಿ ಬಾವಿಯ ಒಡೆಯ ಜಂಬುಲಿಂಗಪ್ಪ ದಪ್ಪನೆಯ ಎಮ್ಮೆ ಚರ್ಮಕ್ಕೆ ಕೋಲು ತೋರಿಸಿದ್ದ.

“ಲೇ ಕಾಟ, ಇದಾದ್ರೆ ಹತ್ತು ವರ್ಷ ಬರ್ತೈತೆ.”

“ಬಾನಿಗಾದ್ರೆ ಸರಿ ಗೌಡ್ರೆ. ಕೊಳವೆ ದಿನಾ ನೂರು ಸಲ ಮಡಚ್ಕೋಬೇಕು. ದಪ್ಪಂದು ಬಗ್ಗಲ್ಲ, ಬಿರೀತೈತೆ.”

ಎತ್ತಿನ ಹೊಟ್ಟೆಭಾಗದ ತೆಳು ಚರ್ಮವೊಂದನ್ನು ಕಿವಿಯ ಹತ್ತಿರ ಹಿಡಿದು ಮುದುರಿದ. ಗರಗರ ಸದ್ದು ಬರಲಿಲ್ಲ. ಅದನ್ನೇ ಹೆಗಲಿಗೆ ಹಾಕಿಕೊಂಡ.

ನಲವತ್ತು ವರ್ಷ ಆ ಬಾವಿಯ ಹನಿಹನಿಯೂ ಅವನ ಹೊಲಿಗೆಯೊಳಗೇ ಹಾದು ಬಂದಿತ್ತು. ಬಾನಿ ಹೊಲಿಸಿಕೊಳ್ಳಲು ಕೇರಿಗೆ ಇಳಿದು ಬರುತ್ತಿತ್ತು. ಹೊಲಿದ ಕೇರಿಯವನು ಬಾವಿಯ ಕಟ್ಟೆ ಹತ್ತುವಂತಿರಲಿಲ್ಲ. ಹೊಲ ಕುಡಿದು ಬಿಟ್ಟ ನೀರು ಕೇರಿಯ ಹಳ್ಳಕ್ಕೆ ಬಂದರೆ ಅದನ್ನೇ ಮೊಗೆದು ಹೆಂಡತಿಗೆ ಕೊಡುತ್ತಿದ್ದ. “ನನ್ ಕೊಳವೆ ನೀರು. ಸಿಹಿ ಐತೆ ನೋಡು.”

“ಕೆಸರೂ ಐತೆ,” ಎನ್ನುತ್ತಿದ್ದಳು ಹುಚ್ಚಕ್ಕ. ಇಬ್ಬರೂ ನಗುತ್ತಿದ್ದರು.

*

ಜಂಬುಲಿಂಗಪ್ಪ ತಾನೇ ಬಂದು ಕೇರಿಯ ಅಂಚಿನಲ್ಲಿ ನಿಂತ.

“ಒಳ್ಳೆ ಮನುಷ್ಯ ಹೋದ ಹುಚ್ಚಕ್ಕ. ಆದ್ರೆ ಈರುಳ್ಳಿ ಬಾಡ್ತೈತೆ. ಕೆಂಚ ಕೊಳವೆ ಜೋಡಿಸ್ಲಿ.”

“ಜೋಡಿಸ್ತಾನೆ. ಮೊದ್ಲು ಬರೋ ನೀರು ನಾನು ಹಿಡೀತೀನಿ. ತೊಟ್ಟಿಗೆ ಬೀಳೋ ಮುಂಚೆ, ಕೊಳವೆ ಬಾಯಿಗೇ. ಅದ್ರಾಗೆ ಅವ್ನಿಗೆ ಕಡೇ ಸ್ನಾನ.”

“ಕಟ್ಟೆ ಮ್ಯಾಲೆ? ನೀನು?”

“ಹೂಂ. ಇಲ್ಲಾಂದ್ರೆ ಕೊಳವೆ ಅವ್ನ ಜತಿಗೆ ಮಣ್ಣಿಗೋಗ್ತೈತೆ.”

ಜಂಬುಲಿಂಗಪ್ಪ ಹೊಲದ ಕಡೆ ನೋಡಿದ. ಕೋಲಿನಿಂದ ನೆಲ ಗೀರಿದ.

“ಒಂದೇ ಮಡಕೆ,” ಎಂದ.

“ಗಂಡಾನೂ ಒಬ್ನೇ.”

ಅವಳು ಕೊಳವೆಯನ್ನು ಇಳಿಸಿ, ತುದಿಯನ್ನು ಕಾಟಪ್ಪನ ಮುಖದ ಹತ್ತಿರ ತಂದು ಗಂಟು ಸಡಿಲಿಸಿದಳು. ಅವನ ಬಿಳಿ ಮೀಸೆ ಅಲುಗಿತು.

“ಇನ್ನೂ ಗೊಣಗ್ತಾನೆ,” ಎಂದ ಕೆಂಚಣ್ಣ, ಕಣ್ಣೊರೆಸಿಕೊಂಡು ದಬ್ಬಳ ತೆಗೆದ.

ಬಿಸಿಲು ನೆತ್ತಿಗೇರುವಾಗ ಎತ್ತುಗಳು ಇಳಿಜಾರಿನಲ್ಲಿ ಹೆಜ್ಜೆ ಹಾಕಿದವು. ಹುಚ್ಚಕ್ಕ ಹೊಸ ಮಡಕೆ ಹಿಡಿದು ಕಟ್ಟೆಯ ಮೇಲೆ ನಿಂತಿದ್ದಳು. ಬಾನಿ ಮೇಲೆ ಬಂತು, ಕೊಳವೆ ಬಾಯಿಬಿಟ್ಟಿತು. ಮಡಕೆ ತುಂಬಿ ಚೆಲ್ಲಿತು. ಅವಳ ಪಾದ ತೊಳೆದ ನೀರು ತೊಟ್ಟಿಗಿಳಿದು, ಕಾಲುವೆ ಹಿಡಿದು, ಗೌಡರ ಈರುಳ್ಳಿ ಮಡಿಗಳಿಗೆ ಒಂದೊಂದಾಗಿ ನುಗ್ಗತೊಡಗಿತು.