ಅಜ್ಜನಿಗೆ ಮೊದಲ ಗುಟುಕು

ಹರಕೆ ಹೇಳುವಾಗ ಬಾಯಿ ಮುಂದೆ ಓಡುತ್ತದೆ, ಬುದ್ಧಿ ಹಿಂದಿನಿಂದ ನಡೆದುಕೊಂಡು ಬರುತ್ತದೆ. ಹರಿಶ್ಚಂದ್ರ ಸುವರ್ಣರಿಗೂ ಹಾಗೆಯೇ ಆಯಿತು.

ಅವರು ಉಡುಪಿಯ ಕಡೆಯವರು. ಡಚ್ಚರ ನಾಡಿನ ಹೂಫ್‌ಡಾರ್ಪ್‌ಗೆ ಬಂದು ಇಪ್ಪತ್ತೆರಡು ವರ್ಷವಾಗಿದೆ. ವಿಮಾನದಲ್ಲಿ ಸರಕು ಕಳಿಸುವ ಕಂಪನಿಯೊಂದರಲ್ಲಿ ಕೆಲಸ. ಅವರ ಮನೆಯ ಮೇಲಿನ ಮಹಡಿಯಲ್ಲಿ ತಂಗಿಯ ಮಗ ಪ್ರಕಾಶ ಮತ್ತು ಅವನ ಹೆಂಡತಿ, ಮೈಸೂರಿನ ಊರ್ಮಿಳಾ. ಒಂಟಿ ಜೀವವಾದ್ದರಿಂದ ಹರಿಶ್ಚಂದ್ರರ ಊಟ ಮೇಲೆಯೇ.

ನವೆಂಬರಿನ ಒಂದು ಸಂಜೆ ಪಕ್ಕದ ಊರು ಬಾಡ್‌ಹೂವೆಡಾರ್ಪ್‌ನಿಂದ ಬಸ್ಸಿನಲ್ಲಿ ಬಂದ ಊರ್ಮಿಳಾ, ಬಾಗಿಲಲ್ಲಿ ನಿಂತು ಮಫ್ಲರ್ ಬಿಚ್ಚಿ, ಕತ್ತು ಮುಟ್ಟಿಕೊಂಡಳು. ಕರಿಮಣಿ ಇರಲಿಲ್ಲ. ಅವಳ ಅಮ್ಮ ಕೈಯಾರೆ ಪೋಣಿಸಿದ್ದು. ಕೋಟು ಕೊಡವಿದರು, ಚೀಲ ಬೋರಲು ಹಾಕಿದರು, ಪ್ರಕಾಶ ಬಸ್ ನಿಲ್ದಾಣದವರೆಗೂ ಟಾರ್ಚ್ ಹಿಡಿದು ಹೋಗಿ ಬಂದ. ಅವಳು ಅಳಲಿಲ್ಲ. ಊಟಕ್ಕೂ ಬರಲಿಲ್ಲ.

ಕಳೆದ ವಸ್ತು ಸಿಗಲಿ ಎಂದು ತುಳುನಾಡಿನವರು ಮೊರೆಹೋಗುವುದು ಕೊರಗಜ್ಜ ಎಂಬ ದೈವಕ್ಕೆ. ಬಾಯಿತುಂಬ ಅಜ್ಜ ಎಂದೇ ಕರೆಯುತ್ತಾರೆ. ಅಜ್ಜನಿಗೆ ದೊಡ್ಡ ಆಸೆಗಳಿಲ್ಲ: ಚಕ್ಕುಲಿ, ವೀಳ್ಯ, ಒಂದಿಷ್ಟು ಕಳ್ಳು. ಹರಿಶ್ಚಂದ್ರ ಕಿಟಕಿಯ ಮುಂದೆ ಕೈಮುಗಿದು ನಿಂತರು. ಈ ಊರಿನಲ್ಲಿ ಕಳ್ಳು ಎಲ್ಲಿಂದ ಬಂದೀತು ಎಂಬುದೂ ಮನಸ್ಸಿಗೆ ಬಂತು. ಹಾಗಾಗಿ ಹೇಳಿಬಿಟ್ಟರು: “ಅಜ್ಜಾ, ಕರಿಮಣಿ ಸಿಕ್ಕಿದರೆ, ಧನು ಸಂಕ್ರಮಣದ ಒಳಗೆ, ಈ ಮಣ್ಣಿನಲ್ಲಿ ಒಬ್ಬ ಮನುಷ್ಯ ಕೈಯಾರೆ ಇಳಿಸಿದ್ದನ್ನು, ಯಾರ ಬಾಯಿಗೂ ತಾಗುವ ಮೊದಲು ನಿನಗೆ ಬಡಿಸುತ್ತೇನೆ.”

ಮೂರನೆಯ ದಿನ ಬಸ್ ಕಂಪನಿಯಿಂದ ಫೋನು. ಹಿಂದಿನ ಸೀಟಿನ ಸಂದಿಯಲ್ಲಿ ಸಿಕ್ಕಿದೆಯಂತೆ. ಊರ್ಮಿಳಾ ಓಡಿಹೋಗಿ ತಂದಳು.

“ಮಾವ, ನಿಮ್ಮ ಅಜ್ಜ ಸೂಪರ್,” ಎಂದಳು. “ಇನ್ನು ಅವರಿಗೆ ಪಾರ್ಟಿ ಯಾವಾಗ?”

“ಪಾರ್ಟಿ ಅಲ್ಲ ಮಾರಾಯ್ತಿ, ಹರಕೆ.”

“ಅದೇ. ಬಾಟಲ್ ಯಾರು ತರ್ತಾರೆ? ನೀವಂತೂ ಕೆಮ್ಮಿನ ಸಿರಪ್ಪನ್ನೂ ಮೂಸಿ ನೋಡಿ ಕುಡಿಯೋರು.”

ಅದು ನಿಜ. ಹರಿಶ್ಚಂದ್ರರಿಗೆ ಅರವತ್ತೊಂದು, ಹನಿ ಮದ್ಯ ಮುಟ್ಟಿದವರಲ್ಲ. ಅವರ ತಂದೆ ತಾಳೆಮರ ಹತ್ತಿ ಕಳ್ಳು ಇಳಿಸುತ್ತಿದ್ದವರು. ಶಾಲೆಗೆ ಕರೆತಂದು ಬಿಡುವಾಗ ಅಂಗಿಯಿಂದ ಹುಳಿವಾಸನೆ ಬರುತ್ತಿತ್ತು. ಪಕ್ಕದವನು ಮೂಗು ಮುಚ್ಚಿಕೊಂಡು ಬೆಂಚಿನ ತುದಿಗೆ ಸರಿದ ದಿನ, ಗೇಟಿನ ತನಕ ಬರುವುದು ಬೇಡ ಎಂದು ಹುಡುಗ ತಂದೆಗೆ ಹೇಳಿದ. ತಂದೆ ಮರುದಿನದಿಂದ ತಿರುವಿನಲ್ಲೇ ನಿಂತರು. ಅಷ್ಟೇ ಕಥೆ. ಆ ವಾಸನೆಯಿಂದ ದೂರ ಇರುವುದು ಮಾತ್ರ ಹರಿಶ್ಚಂದ್ರರಿಗೆ ಅಭ್ಯಾಸವಾಗಿ ಉಳಿಯಿತು.

ಹುಡುಕಾಟ ಶುರುವಾಯಿತು. ಇಲ್ಲಿನ ಸೂಪರ್‌ಮಾರ್ಕೆಟ್ಟಿನಲ್ಲಿ ವೈನು, ಬಿಯರು ಇಡುತ್ತಾರೆ. ಕಡುಮದ್ಯಕ್ಕೆ ಸ್ಲೈಟರೈ ಎಂಬ ಬೇರೆ ಅಂಗಡಿ. ಪ್ರಕಾಶ ಅಲ್ಲಿಂದ ಯೆನೇವರ್ ತಂದ, ಈ ದೇಶದ ಹಳೆಯ ಧಾನ್ಯದ ಸಾರಾಯಿ. ಹರಿಶ್ಚಂದ್ರ ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಇದನ್ನು ಇಳಿಸಿದವನ ಹೆಸರು ಎಂತ?”

“ಮಾವ, ಅದು ಫ್ಯಾಕ್ಟರಿ. ಮೆಷಿನ್ ಇಳಿಸಿದ್ದು.”

“ನಾನು ಒಬ್ಬ ಮನುಷ್ಯ ಅಂತ ಹೇಳಿದ್ದೇನೆ.”

“ಅಜ್ಜ ಲೇಬಲ್ ಓದ್ತಾರಾ?”

“ಓದುವುದಿಲ್ಲ. ನಾನು ಓದುತ್ತೇನಲ್ಲ.”

ಮುಂದಿನ ವಾರ ಲೈಡನ್‌ಗೆ ಹೋದರು. ಕಾಲುವೆಯ ಬದಿಯಲ್ಲಿ ಸಣ್ಣ ಸಣ್ಣ ತೋಟದವರ ವೈನ್ ಮಾತ್ರ ಇಡುವ ಅಂಗಡಿ. ಅಂಗಡಿಯ ಹೆಂಗಸಿಗೆ ಪ್ರತಿ ಬಾಟಲಿಯ ಹಿಂದಿನ ಸಂಸಾರ ಗೊತ್ತು: ಇದು ದಕ್ಷಿಣದ ಗುಡ್ಡದಲ್ಲಿ ಅಕ್ಕತಂಗಿಯರಿಬ್ಬರ ತೋಟದ್ದು, ಇದನ್ನು ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಕೊಟ್ಟಿಗೆಯಲ್ಲೇ ಮಾಡುತ್ತಾರೆ, ಆ ವರ್ಷ ಆಲಿಕಲ್ಲು ಬಿದ್ದು ಮುನ್ನೂರೇ ಬಾಟಲಿ ಆಯಿತು. ದೇವಸ್ಥಾನದ ಸ್ಥಳಪುರಾಣ ಕೇಳುವಂತೆ ಹರಿಶ್ಚಂದ್ರ ತಲೆದೂಗುತ್ತ ಕೇಳಿದರು. ಮೇಷ್ಟ್ರ ಬಾಟಲಿ ಮನಸ್ಸಿಗೆ ಬಂತು. ಅದು ಕೊನೆಯದು. ಅವರು ಹಣ ತೆಗೆಯುವಷ್ಟರಲ್ಲಿ ಆಕೆ ಮರ್ಯಾದೆಗೆಂದು ಅದರ ಬಿರಡೆ ಕಿತ್ತು, ಎರಡು ಗ್ಲಾಸಿಗೆ ಸುರಿದಳು. ಪ್ರಕಾಶ ಒಂದನ್ನು ಎತ್ತಿ ಕುಡಿದೇಬಿಟ್ಟ.

“ಆಹಾ! ಸೂಪರ್ ಉಂಟು ಮಾವ!”

“ಎಂಜಲು ಮಾಡಿದೆಯಲ್ಲ ಮಾರಾಯ.”

ಪ್ರಕಾಶ ಗ್ಲಾಸನ್ನು ಮೆಲ್ಲಗೆ ಕೆಳಗಿಟ್ಟ. ಹರಕೆಯ ವಿಷಯ ಕೇಳಿದ ಅಂಗಡಿಯ ಹೆಂಗಸು ಬೇಸರಪಟ್ಟು ಒಂದು ವಿಳಾಸ ಬರೆದುಕೊಟ್ಟಳು. ಹೊಲಗಳ ನಡುವೆ ಯಾಪ್ ಎಂಬ ಮುದುಕ ಒಬ್ಬನೇ ಯೆನೇವರ್ ಇಳಿಸುತ್ತಾನೆ. ಶನಿವಾರ ಮಾತ್ರ ಬಾಗಿಲು ತೆರೆಯುತ್ತಾನೆ. ಸ್ವಲ್ಪ ಮೊಂಡ.

ಸಂಕ್ರಮಣಕ್ಕೆ ಮೊದಲು ಉಳಿದಿದ್ದದ್ದು ಒಂದೇ ಶನಿವಾರ. ಆ ದಿನ ಊರ್ಮಿಳಾ ಚಕ್ಕುಲಿ ಕರಿದು ಡಬ್ಬಿಗೆ ತುಂಬಿದಳು. ಅಂಗಡಿಯಿಂದ ತಂದಿದ್ದ ವೀಳ್ಯದೆಲೆ, ಅಡಕೆಯನ್ನೂ ಇಟ್ಟಳು. ಹರಕೆಯ ಸಾಮಾನು ಎಂಜಲಾಗದಂತೆ ಕೈಯಲ್ಲೇ ಇರಲಿ ಎಂದು ಡಬ್ಬಿಯನ್ನು ಹರಿಶ್ಚಂದ್ರ ತಮ್ಮ ಚೀಲದಲ್ಲಿ ಇಟ್ಟುಕೊಂಡರು. “ದಾರೀಲಿ ತಿಂದ್ಬಿಡ್ಬೇಡಿ, ಅಳಿಯ ಮಾವ ಇಬ್ರಿಗೂ ಹೇಳ್ತಿದೀನಿ,” ಎಂದು ಅವಳು ಬಾಗಿಲು ಹಾಕಿಕೊಂಡಳು.

ಯಾಪ್‌ನ ಕೊಟ್ಟಿಗೆಯಲ್ಲಿ ಒಂದು ತಾಮ್ರದ ಹಂಡೆ, ಅದರಿಂದ ಬಾಗಿ ಬಂದ ಕೊಳವೆ, ಗೋಡೆಯುದ್ದಕ್ಕೂ ಮರದ ಪೀಪಾಯಿಗಳು. ಬಾಗಿಲು ದಾಟಿದ ಹರಿಶ್ಚಂದ್ರ ನಿಂತರು. ಹುದುಗು ಬಂದ ಧಾನ್ಯದ ಹುಳಿವಾಸನೆ. ಅವರು ಮೂಗು ಮುಚ್ಚಿಕೊಳ್ಳಲಿಲ್ಲ. ಒಂದು ಹೆಜ್ಜೆ ಮುಂದೆ ಹೋದರು.

ಯಾಪ್ ಇಂಗ್ಲಿಷಿನಲ್ಲಿ ನಿಧಾನವಾಗಿ ವಿವರಿಸುತ್ತ ಎಲ್ಲವನ್ನೂ ತೋರಿಸಿದ. ಹರಿಶ್ಚಂದ್ರರಿಗೆ ಅರ್ಥವಾಗುತ್ತಿತ್ತು, ಆದರೆ ದೈವದ ಮಾತು ಅವರ ಬಾಯಲ್ಲಿ ಊರಿನ ಭಾಷೆಯಲ್ಲೇ ಬರುತ್ತಿತ್ತು, ಅದನ್ನು ಪ್ರಕಾಶ ಯಾಪ್‌ಗೆ ತಿಳಿಸುತ್ತಿದ್ದ. ರೈ, ಬಾರ್ಲಿ, ಜೂನಿಪರ್ ಎಂಬ ಕಪ್ಪು ಕಾಯಿ. ಬೆಂಕಿ ಅವನೇ ನೋಡಬೇಕು, ಬೇರೆಯವರನ್ನು ನಂಬುವುದಿಲ್ಲ.

“ಮೊದಲು ಇಳಿದದ್ದನ್ನು ನಮ್ಮ ತಂದೆ ನೆಲಕ್ಕೆ ನಾಲ್ಕು ಹನಿ ಬಿಡುತ್ತಿದ್ದರು,” ಎಂದರು ಹರಿಶ್ಚಂದ್ರ. “ದೈವದ ಪಾಲು.”

“ನಾನೂ ಮೊದಲು ಬಂದದ್ದನ್ನು ಚೆಲ್ಲುತ್ತೇನೆ,” ಎಂದ ಯಾಪ್. “ಅದು ವಿಷ.”

ಹರಿಶ್ಚಂದ್ರ ಪ್ರಕಾಶನ ಕಡೆ ತಿರುಗಿದರು. “ಅದನ್ನು ಕೊಡುವುದು ಬೇಡ ಅಂತ ಹೇಳು.”

ಬಾಟಲಿ ಕೇಳಿದಾಗ ಯಾಪ್ ತಲೆಯಲ್ಲಾಡಿಸಿದ. ರುಚಿ ನೋಡದವರಿಗೆ ಅವನು ಮಾರುವುದಿಲ್ಲ. ಚಂದದ ಬಾಟಲಿ ಎಂದು ಒಯ್ದು ಕಪಾಟಿನಲ್ಲಿಟ್ಟು ಧೂಳು ಹಿಡಿಸಿದವರನ್ನು ಕಂಡಿದ್ದಾನೆ. ವರ್ಷಕ್ಕೆ ಇಳಿಯುವುದೇ ಕೆಲವು ನೂರು ಬಾಟಲಿ. ಕುಡಿದು ಇಷ್ಟಪಟ್ಟವರಿಗೇ ಅದು ಹೋಗಬೇಕು.

“ನಾನೊಂದು ಸಿಪ್ ಹಾಕ್ತೇನೆ ಮಾವ. ಮುಗೀತಲ್ಲ?”

“ಲೈಡನ್ನಿನಲ್ಲಿ ಹಾಕಿದ್ದೇ ಸಾಕು ನೀನು.”

“ಬಾಟಲಿ ಯಾರಿಗೆ?” ಎಂದು ಕೇಳಿದ ಯಾಪ್.

“ಅಜ್ಜನಿಗೆ,” ಎಂದರು ಹರಿಶ್ಚಂದ್ರ.

“ಹಾಗಾದರೆ ಅಜ್ಜನೇ ಬಂದು ರುಚಿ ನೋಡಲಿ.”

ಪ್ರಕಾಶನಿಗೆ ನಗು ಬಂತು. ಮಾವನ ಮುಖ ನೋಡಿ ನುಂಗಿಕೊಂಡ. ಹೊರಗೆ ಡಿಸೆಂಬರಿನ ನಾಲ್ಕೂವರೆಯ ಬೆಳಕು ಇಳಿಯುತ್ತಿತ್ತು. ಯಾಪ್ ಐದಕ್ಕೆ ಬಾಗಿಲು ಹಾಕುತ್ತಾನೆ, ನಾಡಿದ್ದು ಸಂಕ್ರಮಣ. ಹೇಳಿದ ಮಾತು ತಪ್ಪುವುದು ಹೀಗೆ ಎದುರಿಗೆ ಬಂದು ನಿಂತದ್ದನ್ನು ಹರಿಶ್ಚಂದ್ರ ನೋಡಿದರು. ಮೊಂಡ ಮುದುಕನ ಮೇಲೆ ಸಿಟ್ಟೂ ಬರಲಿಲ್ಲ. ಅವನು ಹೇಳಿದ್ದು ಅವನ ಧರ್ಮ.

ಆಮೇಲೆ ಅವರು ಚೀಲ ತೆರೆದರು.

“ಅವನು ಹೇಳಿದ್ದೇ ಸರಿ ಮಾರಾಯ,” ಎಂದರು ಪ್ರಕಾಶನಿಗೆ. “ಅಜ್ಜ ಇಲ್ಲಿಗೇ ಬರಲಿ. ಈ ಮಣ್ಣು ಅಂದಿದ್ದೇನೆ, ನಮ್ಮ ಮನೆ ಅಂತ ಹೇಳಲಿಲ್ಲವಲ್ಲ. ಒಂದು ಲೋಟ ತುಂಬಿಸಲಿಕ್ಕೆ ಹೇಳು. ಅಜ್ಜ ರುಚಿ ನೋಡುತ್ತಾರೆ ಅಂತ ಹೇಳು.”

ಪ್ರಕಾಶ ಹೇಳಿದ, ಅಜ್ಜ ಯಾರೆಂಬುದನ್ನೂ ಕಳೆದ ಕರಿಮಣಿ ಸಿಕ್ಕಿದ ಕಥೆಯನ್ನೂ ಸೇರಿಸಿ. ಯಾಪ್ ಇಬ್ಬರನ್ನೂ, ತೆರೆದ ಚೀಲವನ್ನೂ ನೋಡಿದ. ನಂತರ ಹೊಸ ಪೀಪಾಯಿಯೊಂದರ ನಲ್ಲಿ ತಿರುಗಿಸಿದ. ಅದರಿಂದ ಇನ್ನೂ ಯಾರೂ ಕುಡಿದಿರಲಿಲ್ಲ, ಅವನೂ. ಕಿರಿದಾದ ಕಾಲಿನ ಪುಟ್ಟ ಗ್ಲಾಸನ್ನು ಅಂಚು ಮೀರಿ ಉಬ್ಬುವಷ್ಟು ತುಂಬಿಸಿ, ನಿಲ್ಲಿಸಿದ್ದ ಪೀಪಾಯಿಯ ತಲೆಯ ಮೇಲಿಟ್ಟ.

“ಕೈಯಲ್ಲಿ ಎತ್ತಬಾರದು,” ಎಂದ. “ಚೆಲ್ಲುತ್ತದೆ. ಮೊದಲ ಗುಟುಕಿಗೆ ಇಲ್ಲಿ ಎಲ್ಲರೂ ಗ್ಲಾಸಿನ ಮುಂದೆ ಬಾಗುತ್ತಾರೆ.”

“ಬಾಗಬೇಕೋ?”

“ಫುಲ್ ಬಾಗ್ಬೇಕು ಮಾವ. ರಾಜ ಆದ್ರೂ ಅಷ್ಟೇ ಅಂತೆ.”

ಹರಿಶ್ಚಂದ್ರ ಗ್ಲಾಸಿನ ಪಕ್ಕದಲ್ಲಿ ವೀಳ್ಯದೆಲೆ ಹಾಸಿ ಚಕ್ಕುಲಿ ಇಟ್ಟರು. ಶೂ ಕಳಚಿದರು. ತಣ್ಣನೆಯ ಇಟ್ಟಿಗೆ ನೆಲದ ಮೇಲೆ ನಿಂತು, ಕೈಮುಗಿದು, ಸೊಂಟದಿಂದ ಬಾಗಿದರು. ತುಟಿ ಅಲುಗಿತು, ಗ್ಲಾಸಿಗೆ ತಾಗಲಿಲ್ಲ. ಪ್ರಕಾಶನೂ ಶೂ ಕಳಚಿದ. ಯಾಪ್ ತಲೆಯ ಮೇಲಿದ್ದ ಉಣ್ಣೆಯ ಟೋಪಿ ತೆಗೆದ, ಯಾರೂ ಹೇಳಿರಲಿಲ್ಲ.

ಹರಿಶ್ಚಂದ್ರ ನಿಧಾನವಾಗಿ ನೆಟ್ಟಗಾದರು.

“ಏನೆಂದರು?” ಎಂದು ಯಾಪ್ ಮೆಲ್ಲಗೆ ಕೇಳಿದ.

“ಬೇಡ ಅನ್ನಲಿಲ್ಲ,” ಎಂದರು ಹರಿಶ್ಚಂದ್ರ.

ಬಡಿಸಿದ್ದನ್ನು ಚೆಲ್ಲುವಂತಿಲ್ಲ. ಅದು ಈಗ ಮದ್ಯವೂ ಅಲ್ಲ, ಪ್ರಸಾದ. ಅವರು ಬಲ ಅಂಗೈಯನ್ನು ಬಟ್ಟಲು ಮಾಡಿ ಒಡ್ಡಿದರು. ಪ್ರಕಾಶ ನಾಲ್ಕು ಹನಿ ಬಿಟ್ಟ. ಅರವತ್ತೊಂದು ವರ್ಷದಲ್ಲಿ ಮೊದಲ ಬಾರಿಗೆ ಅವರು ಅದನ್ನು ನಾಲಿಗೆಗೆ ಹಾಕಿಕೊಂಡರು. ಕಣ್ಣಲ್ಲಿ ನೀರು ಬಂತು. ಕಡುಮದ್ಯಕ್ಕೆ ಎಲ್ಲರಿಗೂ ಬರುತ್ತದೆ.

“ಹೇಗಿದೆ?” ಇದು ಯಾಪ್‌ಗೆ ಮುಖ್ಯವಾದ ಪ್ರಶ್ನೆ.

ಹರಿಶ್ಚಂದ್ರ ಕೈಯನ್ನು ಮೂಗಿನ ಹತ್ತಿರ ಹಿಡಿದುಕೊಂಡೇ ನಿಂತಿದ್ದರು. “ನಮ್ಮ ತಂದೆಯ ಅಂಗಿಯ ಹಾಗೆ,” ಎಂದರು.

ಪ್ರಕಾಶ ಇದನ್ನು ಹೇಗೆ ಹೇಳುವುದೆಂದು ತಿಳಿಯದೆ, ಹಾಗೆಯೇ ಹೇಳಿದ. ಯಾಪ್ ತಲೆದೂಗಿದ. ಉಳಿದ ಪ್ರಸಾದವನ್ನು, ಕೈ ಬೆನ್ನ ಹಿಂದೆ ಕಟ್ಟಿ, ಬಾಗಿ ಅವನೇ ಹೀರಿದ, ಚಕ್ಕುಲಿಯನ್ನೂ ಬಿಡಲಿಲ್ಲ. “ಈಗ ನೀವು ರುಚಿ ನೋಡಿದಿರಿ. ಬಾಟಲಿ ಒಯ್ಯಬಹುದು,” ಎಂದ.

“ಬೇಡ. ಕೊಡುವುದು ಕೊಟ್ಟಾಯಿತು,” ಎಂದರು ಹರಿಶ್ಚಂದ್ರ.

ಅವರು ಶೂ ಹಾಕಿಕೊಳ್ಳುವಾಗ ಯಾಪ್ ಇನ್ನೊಂದು ಚಕ್ಕುಲಿ ಮುರಿಯುತ್ತ ಬಾಗಿಲಿಗೆ ಬಂದು ನಿಂತ. ಹಿಂದಿನ ಉಗ್ರಾಣದ ಬೀಗದ ಕೈ ಕಳೆದು ಎರಡು ವರ್ಷವಾಯಿತಂತೆ. ನಿಮ್ಮ ಅಜ್ಜ ಇಲ್ಲಿಯವರ ಮಾತನ್ನೂ ಕೇಳುತ್ತಾರೆಯೇ?

“ಕೇಳುತ್ತಾರೆ,” ಎಂದರು ಹರಿಶ್ಚಂದ್ರ, ಪ್ರಕಾಶನ ಭುಜ ಹಿಡಿದು ಎದ್ದು ನಿಲ್ಲುತ್ತ. “ಆದರೆ ಎಂತ ಕೊಡುತ್ತೇನೆ ಅಂತ ಹೇಳುವ ಮೊದಲು ಎರಡು ಸಲ ಯೋಚನೆ ಮಾಡಲಿಕ್ಕೆ ಹೇಳು ಅವನಿಗೆ.”