ಪ್ಲಗ್ಗಿನ ಮೇಲಿದ್ದ ಕೈ

ಹಲ್ಲಿನ ಡಾಕ್ಟರು ಊಟಕ್ಕೆ ಹೋಗಿದ್ದರು. ಕ್ಲಿನಿಕ್ಕಿನಲ್ಲಿ ರೋಗಿಗಳಿಗೆ ಸರದಿ ಕೊಡುವ ಅತ್ತಿಗೆ ಒಬ್ಬಳೇ ಕಂಪ್ಯೂಟರಿನ ಮುಂದೆ ಕುಳಿತಿದ್ದಳು. ಬಿಡುವಿನಲ್ಲಿ ಅದರಲ್ಲಿ ಪ್ರೋಗ್ರಾಮಿಂಗ್ ಕಲಿಯಲು ಡಾಕ್ಟರೇ ಒಪ್ಪಿದ್ದರು. ಪಕ್ಕದಲ್ಲಿದ್ದ ಪಾಠದ ಹಾಳೆ ನಾದಿನಿ ಬರೆದದ್ದು. ಏನೂ ಗೊತ್ತಿಲ್ಲದವರಿಗೆಂದೇ ಅವಳು ಇಂಥ ಪಾಠಗಳನ್ನು ಬರೆದು ಇಂಟರ್ನೆಟ್ಟಿನಲ್ಲಿ ಹಾಕುತ್ತಿದ್ದಳು.

ಹಾಳೆಯಲ್ಲಿದ್ದ ಸಾಲುಗಳನ್ನು ಅತ್ತಿಗೆ ಅಕ್ಷರ ತಪ್ಪದೆ ಟೈಪ್ ಮಾಡಿ ಪ್ರೋಗ್ರಾಂ ಓಡಿಸಿದಳು. ಪರದೆಯ ಮೇಲೆ ಅಂಕಿಗಳು ಒಂದರ ಕೆಳಗೊಂದು, ಓದಲಾಗದ ವೇಗದಲ್ಲಿ ಬಂದವು. ನಿಲ್ಲಲೇ ಇಲ್ಲ. ಸಿಪಿಯುವಿನ ಫ್ಯಾನು ಗುಂಯ್‌ಗುಡತೊಡಗಿತು. ರೋಗಿಗಳ ಹಲ್ಲಿನ ಎಕ್ಸ್-ರೇಗಳೆಲ್ಲ ಆ ಕಂಪ್ಯೂಟರಿನಲ್ಲೇ ಇದ್ದವು. ಅವಳ ಕೈ ಅದರ ಪ್ಲಗ್ಗಿಗೆ ಹೋಯಿತು. ಈ ಕೆಲಸ ಹೋದರೆ?

ಒಂದು ಕೈಯಲ್ಲಿ ಪ್ಲಗ್ ಹಿಡಿದೇ ನಾದಿನಿಗೆ ಫೋನ್ ಮಾಡಿದಳು.

“ಏನೇ ಇದು, ಹುಚ್ಚು ಹಿಡಿದ ಹಾಗೆ ಓಡ್ತಾ ಇದೆ. ಎಕ್ಸ್-ರೇ ಎಲ್ಲ ಅಳಿಸಿಹೋಗ್ತಿದೆಯೋ ಏನೋ.”

“ನಿಲ್ಲದೆ ಓಡಲಿ ಅಂತಾನೇ ಬರೆದದ್ದು ಅತ್ತಿಗೆ. ನಿಲ್ಲಿಸಿಬಿಡಿ.”

“ಹೇಗೆ ನಿಲ್ಲಿಸಲಿ?”

“ಪಾಠದಲ್ಲೇ ಇದೆಯಲ್ಲ.”

“‘ನಿಲ್ಲಿಸಿದ ಮೇಲೆ ಮುಂದಕ್ಕೆ ಹೋಗಿ’ ಅಂತಿದೆ, ಅಷ್ಟೇ. ಡಾಕ್ಟರ ಕಾರು ಬಂತು ಕಣೆ. ಪ್ಲಗ್ ಕಿತ್ತುಬಿಡ್ಲಾ?”

“ಕೀಳಬೇಡಿ. ಕಂಟ್ರೋಲ್ ಬಟನ್ ಒತ್ತಿ ಹಿಡ್ಕೊಳ್ಳಿ. ಹಾಗೇ ಸಿ ಒತ್ತಿ.”

ಅಂಕಿಗಳು ನಿಂತವು. ಎಕ್ಸ್-ರೇಗಳಿಗೆ ಏನೂ ಆಗಿರಲಿಲ್ಲ. ಅಂಕಿ ತೋರಿಸುವ ಆ ಪ್ರೋಗ್ರಾಂ ಅವುಗಳ ತಂಟೆಗೇ ಹೋಗಿರಲಿಲ್ಲ. ಅತ್ತಿಗೆ ಮಾತ್ರ ಪಾಠದ ಹಾಳೆಯನ್ನು ಮಡಚಿ ಚೀಲಕ್ಕೆ ತುರುಕಿದಳು.

“ನನಗೂ ಅದಕ್ಕೂ ಆಗಿಬರಲ್ಲ. ಬಿಟ್ಟೆ,” ಎಂದಳು ಸಂಜೆ ಮನೆಗೆ ಬಂದವಳೇ.

ನಾದಿನಿಗೆ ರೇಗಿತು. ಪಕ್ಕದ ಮನೆಯ ಗೆಳತಿ, ಕಂಪ್ಯೂಟರ್ ಕಲಿಸುವ ಟೀಚರ್, ಅಲ್ಲೇ ಇದ್ದಳು. ಅವಳತ್ತ ತಿರುಗಿ, “ಎರಡು ಬಟನ್ ಒತ್ತೋದನ್ನೂ ಬರೀಬೇಕಾ? ಹಾಗಾದ್ರೆ ತುತ್ತು ಬಾಯಿಗೆ ಇಡೋದು ಹೇಗೆ ಅಂತಾನೂ ಬರೀತೀನಿ,” ಎಂದಳು.

“ನೀನು ಕೊಟ್ಟ ತುತ್ತು ಗಂಟಲಲ್ಲಿ ಸಿಕ್ಕಿಕೊಂಡಿದೆಯಲ್ಲಮ್ಮ,” ಎಂದಳು ಟೀಚರ್. “ನಿನಗೆ ರೂಢಿಯಾದದ್ದು ನಿನ್ನ ಕಣ್ಣಿಗೇ ಬೀಳ್ತಿಲ್ಲ. ಅವರ ಪಕ್ಕ ಕೂತ್ಕೋ. ಪಾಠ ಅವರೇ ಓದಲಿ, ಅವರೇ ಮಾಡಲಿ. ನೀನು ಬಾಯಿಗೆ ಬೀಗ ಹಾಕ್ಕೋ. ಅವರು ಎಲ್ಲಿ ನಿಲ್ತಾರೋ ಅಲ್ಲಿ ನಿನ್ನ ಪಾಠ ತೂತು ಅಂತ ತಿಳ್ಕೋ.”

“ಇವಳ ಬಾಯಿಗಾ? ಅಷ್ಟು ದೊಡ್ಡ ಬೀಗ ಯಾವ ಅಂಗಡೀಲಿ ಸಿಗುತ್ತೆ?” ಎಂದಳು ಅತ್ತಿಗೆ. ಆದರೂ ನಾದಿನಿಯ ಕಂಪ್ಯೂಟರಿನ ಮುಂದೆ ಬಂದು ಕುಳಿತಳು.

ಪಾಠವನ್ನು ಮೊದಲಿನಿಂದ ಓದುತ್ತ, ಹೇಳಿದಂತೆ ಮಾಡುತ್ತ ಹೋದಳು. ‘ಫೈಲ್ ಉಳಿಸಿ’ ಎಂಬಲ್ಲಿ ಬೆರಳು ನಿಂತೇಬಿಟ್ಟಿತು. ಎಲ್ಲಿ ಉಳಿಸಬೇಕೆಂದು ಪಾಠ ಹೇಳಿರಲಿಲ್ಲ. ಏನಾದರೂ ಹಾಳಾದೀತೆಂದು ಅತ್ತಿಗೆ ಕೈ ಹಿಂದಕ್ಕೆಳೆದುಕೊಂಡಳು. ನಾದಿನಿ ತುಟಿ ಕಚ್ಚಿ ಗುರುತು ಹಾಕಿಕೊಂಡಳು. ಸ್ವಲ್ಪ ಮುಂದೆ ಅತ್ತಿಗೆ ಮತ್ತೆ ನಿಂತಳು, ಮತ್ತೊಂದು ಗುರುತು. ಆಗ ನಾದಿನಿಗೂ ಹೆದರಿಕೆಯಾಯಿತು. ಇದೇ ಪಾಠ ಓದಿ, ಫೋನ್ ಮಾಡಲು ನಾದಿನಿ ಇಲ್ಲದ ಎಷ್ಟು ಜನ ಪ್ಲಗ್ ಕಿತ್ತು ಎದ್ದುಹೋಗಿದ್ದಾರೋ?

ತಿದ್ದಿದ ಪಾಠದಲ್ಲಿ, ಓಡಿಸುವುದಕ್ಕೆ ಮೊದಲೇ ನಿಲ್ಲಿಸುವ ಬಗೆ ಬಂತು. ಅತ್ತಿಗೆ ಅದನ್ನೋದಿ ಪ್ರೋಗ್ರಾಂ ಓಡಿಸಿದಳು. ಅಂಕಿಗಳು ಧುಮ್ಮಿಕ್ಕಿದವು. ಅವಳ ಕೈ ಪ್ಲಗ್ಗಿನತ್ತ ಹೋಗಲಿಲ್ಲ. ಎರಡೂ ಬಟನ್ ಒತ್ತಿದಳು. ನಿಂತಿತು.

“ಇನ್ನೊಂದ್ಸಲ ಓಡಿಸ್ಲಾ?” ಎಂದು ತಾನೇ ಕೇಳಿದಳು.

ಹೊಸಬರಿಗೆ ಪಾಠ ಬರೆಯುವವರೇ, ಅದನ್ನು ಪ್ರಕಟಿಸುವ ಮೊದಲು ಏನೂ ತಿಳಿಯದ ಒಬ್ಬರ ಪಕ್ಕ ಬಾಯಿಮುಚ್ಚಿ ಕುಳಿತು ನೋಡಿ. ಓಡಿಸಲು ಕಲಿಸುವ ಮುನ್ನ ನಿಲ್ಲಿಸಲು ಕಲಿಸಿ. ಕಲಿಯುತ್ತಿರುವವರೇ, ದಾರಿ ಕಾಣದಿದ್ದರೆ ನಿಮ್ಮದೇ ತಪ್ಪೆಂದು ಎದ್ದುಹೋಗಬೇಡಿ. ಎಲ್ಲಿ ಸಿಕ್ಕಿಕೊಂಡಿರೆಂದು ಬರೆದವರಿಗೆ ತಿಳಿಸಿ. ಇನ್ನೆಲ್ಲೋ ಒಬ್ಬರ ಕೈ ಈಗಲೂ ಪ್ಲಗ್ಗಿನ ಮೇಲಿರಬಹುದು.